ಮೂವತ್ತೊಂದು ತಣ್ಣಗಿವೆ

ಪೆಟ್ಟಿಗೆಯಮ್ಮನ ಬಲ ಅಂಗೈಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಹದಿನೆಂಟು ವರ್ಷ ಇಸ್ತ್ರಿ ಅಂಗಡಿಯಲ್ಲಿ ಪಳಗಿದ ಕೈ ಅದು. ಇಸ್ತ್ರಿ ಪೆಟ್ಟಿಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದರೆ ಸಾಕು, ಇದು ಹತ್ತಿ ಬಟ್ಟೆಗೆ ಸರಿ, ಇದು ರೇಷ್ಮೆಗೆ ಜಾಸ್ತಿ, ಇದನ್ನು ಪಾಲಿಯೆಸ್ಟರ್ ಅಂಗಿಗೆ ಮುಟ್ಟಿಸಿದರೆ ಅಂಗಿಯ ಕಥೆ ಮುಗಿಯಿತು ಎಂದು ಹೇಳಿಬಿಡುತ್ತಿದ್ದಳು. ಗಂಡ ನೀರು ಚಿಮುಕಿಸುವವನು, ಇವಳು ಉಜ್ಜುವವಳು. ನಾಲ್ಕು ವರ್ಷದ ಹಿಂದೆ ಗಂಡ ಆಸ್ಪತ್ರೆಗೆ ನಡೆದುಕೊಂಡು ಹೋದವನು ನಡೆದುಕೊಂಡು ಬರಲಿಲ್ಲ. ಅಂಗಡಿ ಇದ್ದ ಕಟ್ಟಡವನ್ನು ಮಾಲೀಕ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ. ಮಗಳು ಓದುತ್ತಿದ್ದ ಶಾಲೆಯಲ್ಲೇ ಇವಳು ಅಟೆಂಡರ್ ಕೆಲಸಕ್ಕೆ ಸೇರಿದಳು. ಸಿಬ್ಬಂದಿಯ ಮಗಳೆಂದು ಹುಡುಗಿಗೆ ಶುಲ್ಕವಿಲ್ಲದ ಸೀಟೂ ಸಿಕ್ಕಿತು.

ಅಲ್ಲಿ ಒಂದು ಪೆಟ್ಟಿಗೆ ಬಿಟ್ಟವಳಿಗೆ ಇಲ್ಲಿ ಇನ್ನೊಂದು ಪೆಟ್ಟಿಗೆ ಕಾದಿತ್ತು. ಎರಡು ವರ್ಷದ ಹಿಂದೆ ಶಾಲೆಯವರು ಬಡಗಿಯನ್ನು ಕರೆಸಿ ಆಳೆತ್ತರದ ಮರದ ಪೆಟ್ಟಿಗೆಯೊಂದನ್ನು ಮಾಡಿಸಿದರು. ಕೆಳಗೆ ನಾಲ್ಕು ಚಕ್ರ, ಮುಂದೆ ಬೀಗ, ಒಳಗೆ ನೂರ ಇಪ್ಪತ್ತೆಂಟು ಗೂಡು, ಗೂಡಿಗೊಂದು ನಂಬರು. ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಬೆಳಿಗ್ಗೆ ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಹೋಗಬೇಕು, ಸಂಜೆ ತೆಗೆದುಕೊಂಡು ಹೋಗಬೇಕು. ಕೀಲಿಕೈ ಅವಳ ಸೊಂಟಕ್ಕೆ ಬಂತು, ಪೆಟ್ಟಿಗೆಯಮ್ಮ ಎಂಬ ಹೆಸರು ಅವಳ ತಲೆಗೆ ಬಂತು. ತಂದೆತಾಯಿ ಇಟ್ಟ ಹೆಸರನ್ನು ಆಮೇಲೆ ಸಂಬಳದ ದಿನ ಬಿಟ್ಟರೆ ಯಾರೂ ಕರೆದದ್ದಿಲ್ಲ.

ಮೊದಲ ವಾರದಲ್ಲೇ ಅವಳ ಅಂಗೈ ಒಂದು ಸಂಗತಿ ಕಂಡುಹಿಡಿಯಿತು. ಮಕ್ಕಳು ಕೊಡುವ ಫೋನುಗಳಲ್ಲಿ ಎರಡು ಜಾತಿ. ಒಂದು ಬಿಸಿ, ಒಂದು ತಣ್ಣಗೆ. ಬಸ್ಸಿನಲ್ಲಿ, ರಸ್ತೆಯಲ್ಲಿ, ಗೇಟಿನ ಕಂಬದವರೆಗೂ ಉಜ್ಜುತ್ತ ಬಂದ ಫೋನು ಆಗ ತಾನೆ ಸುಟ್ಟ ರೊಟ್ಟಿಯಂತೆ ಬೆಚ್ಚಗಿರುತ್ತದೆ. ಜೇಬಿನಲ್ಲಿ ಸುಮ್ಮನೆ ಮಲಗಿದ್ದ ಫೋನಿಗೂ ಮೈಯ ಬಿಸಿಯಾದರೂ ಇರುತ್ತದೆ. ಆದರೆ ಚೀಲದ ತಳದಿಂದ ಬರುವ ಕೆಲವು ಫೋನುಗಳಿಗೆ ಜೀವವೇ ಇರಲಿಲ್ಲ. ಅವು ಮನೆಯ ಡ್ರಾಯರಿನಲ್ಲಿ ಸತ್ತು ಬಿದ್ದಿದ್ದ ಹಳೆಯ ಫೋನುಗಳು. ಅಸಲಿ ಫೋನು ಕಾಲುಚೀಲದಲ್ಲೋ, ಊಟದ ಡಬ್ಬಿಯ ಚೀಲದಲ್ಲೋ ತರಗತಿಗೆ ಹೋಗುತ್ತಿತ್ತು. ಒಂದಂತೂ ಫೋನೇ ಅಲ್ಲ, ಅಳತೆಗೆ ಕತ್ತರಿಸಿ ಕವರಿನೊಳಗೆ ತೂರಿಸಿದ ಬಚ್ಚಲುಮನೆಯ ಟೈಲಿನ ತುಂಡು. ಆ ಜಾಣತನ ಕಂಡು ಅವಳಿಗೆ ಸಿಟ್ಟಿಗಿಂತ ಮೊದಲು ನಗು ಬಂದಿತ್ತು.

ಮೊಟ್ಟಮೊದಲ ತಣ್ಣನೆಯ ಫೋನು ಕೊಟ್ಟ ಮಗು ಎಂಟನೆಯ ತರಗತಿಯದ್ದು. ಅವಳು ತಲೆಯೆತ್ತಿ ನೋಡಿದಳು. ಆ ಮಗುವಿನ ಕಿವಿ ಕೆಂಪಗಾಗಿ, ಕಣ್ಣು ತುಂಬಿ, ಇನ್ನೇನು ಅತ್ತೇಬಿಡುತ್ತದೆ ಎನ್ನುವ ಹಾಗಾಯಿತು. ಹೋಗಲಿ ಬಿಡು, ಬಡಪಾಯಿ, ಎಂದು ಗೂಡಿಗೆ ಹಾಕಿದಳು. ಹೊಸ ಕೆಲಸ, ನನಗ್ಯಾಕೆ ಇಲ್ಲದ ಉಸಾಬರಿ ಎಂಬುದೂ ಅದರಲ್ಲಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಕೆಲಸ ಗೂಡು ತುಂಬಿಸುವುದು, ಒಂಬತ್ತು ಗಂಟೆಗೆ ಪುಸ್ತಕದಲ್ಲಿ ‘ಎಲ್ಲ ಫೋನು ಜಮಾ’ ಎಂದು ಬರೆದು ಸಹಿ ಹಾಕುವುದು. ಗೂಡು ತುಂಬುತ್ತಿತ್ತು. ಸಹಿ ಬೀಳುತ್ತಿತ್ತು. ಪೆಟ್ಟಿಗೆಯಮ್ಮ ಬಾಯಿ ಬಿಡುವವಳಲ್ಲ ಎಂಬ ಸುದ್ದಿ ಮಕ್ಕಳಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ಒಂದು ಹೋಗಿ ಐದಾಯಿತು, ಐದು ಹೋಗಿ ಹದಿನೈದಾಯಿತು. ಈ ವರ್ಷ ಮೂವತ್ತೊಂದಕ್ಕೆ ಬಂದು ನಿಂತಿತ್ತು.

ಹತ್ತನೆಯ ತರಗತಿಯ ನಂಬರು ನೂರ ಹದಿನಾಲ್ಕರ ಫೋನು ಮಾತ್ರ ಎರಡು ವರ್ಷದಲ್ಲಿ ಒಂದು ದಿನವೂ ತಣ್ಣಗಿರಲಿಲ್ಲ. ಮುಟ್ಟಿದರೆ ಚುರ್ ಎನ್ನುವಷ್ಟು ಬಿಸಿ. ಅದು ಅವಳ ಮಗಳದ್ದು.

ಮಗಳಿಗೆ ಮನೆಯಲ್ಲಿ ಅಜ್ಜಿ ಇಟ್ಟ ಹೆಸರು ಸಿಡುಕಿ. ಹದಿನೈದು ವರ್ಷ. ಮೂರು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಕೊಡುವವಳು, ನಾಲ್ಕನೆಯದು ಕೇಳಿದರೆ ಎದ್ದು ಹೋಗುವವಳು. ಅಪ್ಪ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನ ವರಾಂಡದ ಬೆಂಚಿನ ಮೇಲೆ ಅಮ್ಮನ ಫೋನು ಹಿಡಿದು ಕೂತಿದ್ದಳು. ದೊಡ್ಡವರು ಒಳಗೆ ಹೊರಗೆ ಓಡಾಡುತ್ತಿದ್ದರು, ಈ ಮಗುವಿನ ಹತ್ತಿರ ಮಾತಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅಪ್ಪ ಹೋದ. ಫೋನು ಕೈಯಲ್ಲೇ ಉಳಿಯಿತು. ಏನು ನೋಡ್ತೀಯೆ ಅದರಲ್ಲಿ ಎಂದು ಒಮ್ಮೆ ಕೇಳಿದ್ದಕ್ಕೆ, “ಗೊತ್ತಿಲ್ಲ. ಒಂದು ಮುಗಿಯುತ್ತೆ, ಇನ್ನೊಂದು ಬರುತ್ತೆ. ನೋಡ್ತಾ ಹೋಗ್ತೀನಿ” ಎಂದಿದ್ದಳು. ಪೆಟ್ಟಿಗೆಯಮ್ಮ ಬೈದು ನೋಡಿದ್ದಳು, ಕಿತ್ತುಕೊಂಡು ನೋಡಿದ್ದಳು, ಗೋಗರೆದು ನೋಡಿದ್ದಳು. ಕಿತ್ತುಕೊಂಡ ದಿನ ಹುಡುಗಿ ಗೋಡೆ ನೋಡುತ್ತ ಮಲಗಿದಳು, ಊಟಕ್ಕೂ ಏಳಲಿಲ್ಲ. ಮೂರನೆಯ ದಿನ ಅಮ್ಮನೇ ಸೋತು ಫೋನು ದಿಂಬಿನ ಪಕ್ಕ ಇಟ್ಟಿದ್ದಳು.

ಇಂಥ ಮನೆಗೆ ಶಾಲೆಯಿಂದ ಒಂದು ಕೆಂಪು ಚೀಟಿ ಬಂತು.

ಶಾಲೆಗೆ ಆ ವರ್ಷ ಹೊಸ ಕೌನ್ಸೆಲರ್ ಸೇರಿದ್ದರು. ಕೆಟ್ಟ ಮನುಷ್ಯನೇನಲ್ಲ. ಮಕ್ಕಳ ಸ್ವಭಾವ ಅಳೆದರೆ ಯಾರು ಫೋನಿನ ಗುಂಡಿಗೆ ಬೀಳುತ್ತಾರೆ ಎಂದು ಮೊದಲೇ ಹೇಳಬಹುದು ಎಂಬುದು ಅವರ ನಂಬಿಕೆ. ಅರುವತ್ತು ಪ್ರಶ್ನೆಯ ಹಾಳೆಯೊಂದನ್ನು ಎಲ್ಲರಿಗೂ ಹಂಚಿದರು. ನಿನಗೆ ಸಿಟ್ಟು ಬೇಗ ಬರುತ್ತದೆಯೇ, ಒಂಟಿಯಾಗಿರುವುದು ಇಷ್ಟವೇ, ಹಿಡಿದ ಕೆಲಸ ಮುಗಿಸುತ್ತೀಯಾ, ಪುಸ್ತಕ ಒಪ್ಪವಾಗಿ ಇಡುತ್ತೀಯಾ, ದಿನಕ್ಕೆ ಎಷ್ಟು ಹೊತ್ತು ಫೋನು ನೋಡುತ್ತೀಯಾ. ಹಾಳೆಯ ತಲೆಯ ಮೇಲೆ ಹೆಸರು ಮತ್ತು ನಂಬರು ಬರೆಯಬೇಕು. ಹೆಸರು ಬರೆಸಿಕೊಂಡು ಗುಟ್ಟು ಕೇಳಿದರೆ ಯಾವ ಮಗು ಹೇಳುತ್ತದೆ? ನೂರ ಇಪ್ಪತ್ತೇಳು ಮಕ್ಕಳು ಅರ್ಧ ಗಂಟೆ, ಮುಕ್ಕಾಲು ಗಂಟೆ, ಪಾಠಕ್ಕೆ ಬೇಕಾದಾಗ ಮಾತ್ರ ಎಂದು ಬರೆದರು. ನೂರ ಹದಿಮೂರು ಹಸಿರು ಚೀಟಿ, ಹದಿನಾಲ್ಕು ಹಳದಿ. ಸಿಡುಕಿ ಫೋನಿನಲ್ಲೇ ತೋರಿಸುವ ಲೆಕ್ಕ ನೋಡಿ ‘ಏಳು ಗಂಟೆ ಹತ್ತು ನಿಮಿಷ’ ಎಂದು ಬರೆದಳು. ಸಿಟ್ಟು ಬರುತ್ತದೆ, ಹೌದು. ಒಂಟಿಯಾಗಿರಲು ಇಷ್ಟ, ಹೌದು. ಪುಸ್ತಕ ಒಪ್ಪವಾಗಿ, ಇಲ್ಲ.

ಶಾಲೆಗೆಲ್ಲ ಒಂದೇ ಒಂದು ಕೆಂಪು.

“ಕೂತ್ಕೊಳ್ಳಿ ಅಮ್ಮ,” ಎಂದರು ಕೌನ್ಸೆಲರ್, ಬುಧವಾರ ಮಧ್ಯಾಹ್ನ. ಆ ಕೋಣೆಯ ನೆಲವನ್ನು ದಿನಾ ಒರೆಸುವವಳು ಅಲ್ಲಿನ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. “ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗಳ ಸ್ವಭಾವವೇ ಹಾಗಿದೆ. ಮುಂಗೋಪ, ಯಾರ ಜೊತೆಗೂ ಬೆರೆಯಲ್ಲ, ಶಿಸ್ತಿಲ್ಲ. ಇಂಥ ಮಕ್ಕಳೇ ಜಾಸ್ತಿ ಬೀಳೋದು. ಇನ್ನು ತಡ ಮಾಡಿದ್ರೆ ಕೈ ಮೀರುತ್ತೆ.”

“ಏನು ಮಾಡಬೇಕು ಸರ್?”

ಅವರು ಒಂದು ಹಾಳೆ ಮುಂದೆ ತಳ್ಳಿದರು. ಪಟ್ಟಣದ ಹೊರಗೆ ಒಂದು ಸುಧಾರಣಾ ಶಿಬಿರವಿದೆ, ಆರು ತಿಂಗಳು ಅಲ್ಲೇ ವಾಸ, ಫೋನಿಲ್ಲ, ತಿಂಗಳಿಗೊಮ್ಮೆ ಮನೆಯವರ ಭೇಟಿ. ಪೋಷಕರ ಒಪ್ಪಿಗೆಯ ಸಹಿ ಬೇಕು. ಸಹಿ ಇಲ್ಲದಿದ್ದರೆ ಕೆಂಪು ಚೀಟಿಯ ಮಗುವನ್ನು ಶಾಲೆ ಇಟ್ಟುಕೊಳ್ಳುವುದಿಲ್ಲ.

“ಹತ್ತನೇ ಕ್ಲಾಸು ಸರ್. ಪರೀಕ್ಷೆ?”

“ಮುಂದಿನ ವರ್ಷ ಕಟ್ಟಿಸಿದ್ರಾಯ್ತು. ಶನಿವಾರ ಪೋಷಕರ ಸಭೆ ಇದೆಯಲ್ಲ, ಅಷ್ಟರೊಳಗೆ ಸಹಿ ಹಾಕಿ ತನ್ನಿ. ಹಾಂ, ಆ ಸಭೆಗೆ ನಿಮ್ಮ ಪೆಟ್ಟಿಗೇನೂ ವೇದಿಕೆ ಮೇಲೆ ತರಬೇಕು. ಪ್ರಿನ್ಸಿಪಾಲ್ ಮೇಡಂ ನಿಮಗೆ ಎರಡು ಮಾತು ಬರೆದಿಟ್ಟಿದಾರೆ. ಓದಿದ್ರೆ ಸಾಕು.”

ಹೊರಗೆ ಬಂದು, ಅವರು ಕೈಗಿಟ್ಟ ಮೇಡಂ ಬರಹದ ಚೀಟಿ ಬಿಡಿಸಿ ಓದಿದಳು. ‘ನಮ್ಮ ಮಕ್ಕಳೆಲ್ಲರೂ ದಿನವೂ ತಾವಾಗಿಯೇ ಫೋನು ಒಪ್ಪಿಸುತ್ತಾರೆ. ಎರಡು ವರ್ಷಗಳಲ್ಲಿ ಒಂದೂ ತಪ್ಪಿಲ್ಲ.’ ಅವಳ ಮೈ ಉರಿಯಿತು. ಕೌನ್ಸೆಲರ್ ಮೇಲಲ್ಲ, ಮೇಡಂ ಮೇಲೂ ಅಲ್ಲ. ಆ ಎರಡು ಮಾತನ್ನು ಅವರಿಗೆ ದಿನಾ ಬರೆದುಕೊಟ್ಟವಳು ತಾನೇ ಅಲ್ಲವೇ?

ಮನೆಯೆಂದರೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿಯ ಹಳೆಯ ಮೇಜು; ಅದರ ಮೇಲೇ ಊಟ, ಅದರ ಮೇಲೇ ಓದು. ಅತ್ತೆ ಕಿಟಕಿಯ ಬಳಿ ಕೂತು ಬೀದಿಯವರ ಬಟ್ಟೆಯ ಮಡಿಕೆ ನೋಡಿ ಹೊಸ ಇಸ್ತ್ರಿಯವನನ್ನು ಬೈಯುವುದು ದಿನದ ಕೆಲಸ. ಪೆಟ್ಟಿಗೆಯಮ್ಮ ಶಿಬಿರದ ಹಾಳೆಯನ್ನು ಮೇಜಿನ ಮೇಲೆ ಬಡಿದಳು.

“ಎಲ್ಲರೂ ಅರ್ಧ ಗಂಟೆ ಅಂತ ಬರೆದ್ರಂತೆ. ನಿನಗೇನು ದಾಡಿ? ಯಾಕೆ ನಿಜ ಬರೆದೆ?”

“ಕೇಳಿದ್ರು. ಬರೆದೆ,” ಎಂದಳು ಸಿಡುಕಿ, ಫೋನಿನಿಂದ ತಲೆ ಎತ್ತದೆ.

“ಆರು ತಿಂಗಳು ಮನೆ ಬಿಟ್ಟು ಇರಬೇಕು ಕಣೆ! ವರ್ಷ ಹಾಳು!”

ಈಗ ಹುಡುಗಿ ತಲೆಯೆತ್ತಿದಳು. ಹೆದರಿದ್ದಳು, ಹೆದರಿದಾಗ ಅವಳ ಮೂಗಿನ ತುದಿ ಬೆಳ್ಳಗಾಗುತ್ತದೆ, ಅಪ್ಪನಿಗೆ ಆಗುತ್ತಿದ್ದ ಹಾಗೆ. ಆದರೆ ದನಿಯಲ್ಲಿ ಹೆದರಿಕೆ ತೋರಿಸಲಿಲ್ಲ. “ಏಳು ಗಂಟೆ ನೋಡ್ತೀನಿ. ಬಿಡಬೇಕು ಅಂತ ನಂಗೂ ಇದೆ, ಆಗ್ತಿಲ್ಲ. ಅರ್ಧ ಗಂಟೆ ಅಂತ ಬರೆದ್ರೆ ಆಗುತ್ತಾ?”

ಕಿಟಕಿಯ ಬಳಿಯಿಂದ ಅತ್ತೆ ಬಾಯಿ ಹಾಕಿದರು. “ಇವಳ ಅಪ್ಪನೂ ಹೀಗೇ. ಬಟ್ಟೆ ಸುಟ್ರೆ ಗಿರಾಕಿ ಕೇಳೋ ಮೊದಲೇ ಬಿಡಿಸಿ ತೋರಿಸೋನು. ನೀನು ಸುಟ್ಟ ಭಾಗ ಒಳಗೆ ಮಡಚಿಟ್ಟಿರ್ತಿದ್ದೆ, ಅವನು ಹೊರಗೆ ತೆಗೀತಿದ್ದ. ಎಷ್ಟು ಜಗಳ ಆಗ್ತಿತ್ತು ನಿಮಗೆ!”

“ಈಗ ಆ ಪುರಾಣ ಬೇಕಾ ಅತ್ತೆ?”

“ಬೇಕು ಅಂತಲ್ಲ. ನೆನಪಾಯ್ತು.”

ಪೆಟ್ಟಿಗೆಯಮ್ಮ ಮಗಳ ಕಡೆ ತಿರುಗಿದಳು. “ಶನಿವಾರ ಪೆಟ್ಟಿಗೆ ವೇದಿಕೆ ಮೇಲೆ ಇರುತ್ತೆ. ಬೀಗ ತೆಗೆದು ಒಂದೊಂದೇ ಸತ್ತ ಫೋನು ಎತ್ತಿ ನಂಬರು ಓದಿಬಿಡ್ತೀನಿ. ಹಸಿರು ಚೀಟಿಯವರ ಬಂಡವಾಳ ಬಯಲಾಗಲಿ.”

“ಬೇಡ,” ಎಂದಳು ಸಿಡುಕಿ, ತಟ್ಟನೆ. “ಅವರನ್ನ ಹಿಡ್ಕೊಡಬೇಡ. ಅವರ ಮನೇಲಿ ಹೊಡೀತಾರೆ. ಅವರನ್ನೂ ಆ ಶಿಬಿರಕ್ಕೆ ಹಾಕ್ತಾರೆ. ನಾನು ಹೋಗೋದು ಸಾಕು.”

“ನಿನ್ನ ಜೊತೆ ಮಾತೂ ಆಡದ ಹುಡುಗರಿಗೆ ಇಷ್ಟು ಮರುಕವಾ?”

“ಮಾತಾಡಲ್ಲ. ಅದಕ್ಕೇ?” ಹುಡುಗಿ ಎದ್ದು ಒಳಗೆ ಹೊರಟಳು. ಬಾಗಿಲಲ್ಲಿ ನಿಂತು ಹಿಂದೆ ನೋಡದೆ ಹೇಳಿದಳು, “ಅವರು ಒಂದು ಸಲ ಸುಳ್ಳು ಬರೆದ್ರು. ನೀನು ದಿನಾ ಬರೀತೀಯಲ್ಲಮ್ಮ, ಎಲ್ಲ ಜಮಾ ಅಂತ.”

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಬೇರೆ ಯಾರಾದರೂ ಅಂದಿದ್ದರೆ ಪೆಟ್ಟಿಗೆಯಮ್ಮ ಅವರ ಜನ್ಮ ಜಾಲಾಡುತ್ತಿದ್ದಳು. ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ಮಡಚಲು ಹೋದಳು, ಮಡಚದೆ ಹಾಗೇ ಚಪ್ಪಟೆಯಾಗಿ ಚೀಲದಲ್ಲಿಟ್ಟಳು.

ಗುರುವಾರ, ಶುಕ್ರವಾರ ಎರಡು ದಿನ ಅವಳು ‘ಎಲ್ಲ ಫೋನು ಜಮಾ’ ಎಂದು ಬರೆಯುವಾಗ ಪೆನ್ನು ತಡೆಯಿತು. ಬರೆದಳು. ಕೆಲಸ ಹೋದರೆ ಸೀಟೂ ಹೋಗುತ್ತದೆ, ಸಹಿ ಹಾಕಿದರೆ ಮಗಳು ಹೋಗುತ್ತಾಳೆ, ಮಕ್ಕಳನ್ನು ಹಿಡಿದುಕೊಟ್ಟರೆ ಮಗಳು ಇನ್ನು ಮುಖ ಕೊಟ್ಟು ಮಾತಾಡುವುದಿಲ್ಲ. ಯಾವ ಕಡೆ ಹೊರಳಿದರೂ ಮುಳ್ಳೇ ಆಯಿತು. ಆಮೇಲೆ ಅವಳಿಗೆ ಸಿಟ್ಟು ಬಂತು. ನನ್ನ ಮಗಳ ಸ್ವಭಾವ ಅಳೆಯಲು ಇವರು ಯಾರು? ಅಳೆದರಪ್ಪ, ಸಿಟ್ಟು ಅಳೆದರು, ಒಂಟಿತನ ಅಳೆದರು. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುವ ಗುಣ ಇದೆಯಲ್ಲ, ಅದಕ್ಕೆ ಆ ಅರುವತ್ತು ಪ್ರಶ್ನೆಯಲ್ಲಿ ಒಂದು ಗೆರೆಯಷ್ಟಾದರೂ ಜಾಗ ಇತ್ತೇ? ಇರಲಿಲ್ಲ. ಆ ಸಿಟ್ಟಿನಲ್ಲೇ ಅವಳಿಗೆ ದಾರಿ ಹೊಳೆಯಿತು.

ಶನಿವಾರ ಬೆಳಿಗ್ಗೆ ಗೇಟಿನಲ್ಲಿ ಪೆಟ್ಟಿಗೆಯ ಪಕ್ಕದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿ ಕೂತಿತ್ತು. ಇಸ್ತ್ರಿ ಮೇಜಿಗೆ ಹಾಸುತ್ತಿದ್ದ ಹಳೆಯ ಕಂಬಳಿಯನ್ನು ಒಳಗೆ ಮೆತ್ತಗೆ ಹಾಸಿದ್ದಳು.

“ಇವತ್ತು ಗೂಡಿಲ್ಲ, ನಂಬರಿಲ್ಲ. ಎಲ್ಲ ಇದರಲ್ಲೇ ಹಾಕಿ,” ಎಂದಳು.

“ಸಂಜೆ ನಮ್ಮದು ಹೆಂಗೆ ಗೊತ್ತಾಗುತ್ತೆ ಪೆಟ್ಟಿಗೆಯಮ್ಮ?”

“ನಿಮ್ಮದು ನಿಮಗೆ ಗೊತ್ತಾಗಲ್ವಾ? ಹೆತ್ತವರಿಗಿಂತ ಹೆಚ್ಚು ನೋಡ್ತೀರಿ ಅದನ್ನ.”

ಮಕ್ಕಳು ನಕ್ಕರು, ಹಾಕಿದರು. ಅವಳ ಅಂಗೈ ತನ್ನ ಕೆಲಸ ಮಾಡಿತು. ಬಿಸಿ, ಬಿಸಿ, ತಣ್ಣಗೆ, ಬಿಸಿ, ಟೈಲು. ಅವಳು ಒಬ್ಬರ ಮುಖವನ್ನೂ ನೋಡಲಿಲ್ಲ, ಬುಟ್ಟಿಯನ್ನಷ್ಟೇ ನೋಡಿದಳು. ಕೊನೆಗೆ ಎರಡೂ ಕೈ ಹಾಕಿ ಅವಲಕ್ಕಿ ಕಲಸಿದ ಹಾಗೆ ಎಲ್ಲವನ್ನೂ ಮೇಲೆ ಕೆಳಗೆ ಮಾಡಿದಳು. ಆ ದಿನ ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ.

ಹನ್ನೊಂದು ಗಂಟೆಗೆ ಸಭಾಂಗಣ ತುಂಬಿತು. ಮರದ ಪೆಟ್ಟಿಗೆ ಖಾಲಿ ಗೂಡುಗಳೊಂದಿಗೆ, ಬೀಗ ಹಾಕಿಕೊಂಡೇ ವೇದಿಕೆಯ ಮೇಲೆ ನಿಂತಿತ್ತು. ಮಕ್ಕಳು ತರಗತಿಯಲ್ಲಿದ್ದರು. ಕೆಂಪು ಚೀಟಿಯವಳೆಂದು ಸಿಡುಕಿಯನ್ನು ಮಾತ್ರ ಕರೆಸಿ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಕೌನ್ಸೆಲರ್ ಪರದೆಯ ಮೇಲೆ ದೊಡ್ಡ ಹಸಿರು ವೃತ್ತ ತೋರಿಸಿದರು. ಅದರಲ್ಲಿ ಒಂದು ತುಂಡು ಹಳದಿ, ಕೂದಲೆಳೆಯಷ್ಟು ಕೆಂಪು. “ನೂರ ಇಪ್ಪತ್ತೆಂಟರಲ್ಲಿ ಒಂದೇ ಒಂದು ಮಗು!” ಎಂದರು. ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. ಆ ಒಂದು ಯಾರದ್ದು ಎಂದು ಪಿಸುಗುಟ್ಟಿದರು, ಹೊರಗೆ ಬೆಂಚಿನಲ್ಲಿ ಅಟೆಂಡರ್ ಮಗಳನ್ನು ಕಂಡಿದ್ದವರು ಕತ್ತು ತಿರುಗಿಸಿದರು. ಎಲ್ಲ ಕಣ್ಣೂ ವೇದಿಕೆಯ ಪಕ್ಕ ಬುಟ್ಟಿ ಹಿಡಿದು ನಿಂತಿದ್ದವಳ ಮೇಲೆ ಬಂದು ನಿಂತವು.

“ಈ ಯಶಸ್ಸಿಗೆ ಕಾರಣ ನಮ್ಮ ಪೆಟ್ಟಿಗೆ,” ಎಂದರು ಪ್ರಿನ್ಸಿಪಾಲ್ ಮೇಡಂ. “ಅದನ್ನು ನೋಡ್ಕೊಳ್ಳೋ ನಮ್ಮ ಅಟೆಂಡರ್ ಎರಡು ಮಾತು ಹೇಳ್ತಾರೆ.”

ಪೆಟ್ಟಿಗೆಯಮ್ಮ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತಳು. ಮೇಡಂ ಬರೆದ ಚೀಟಿಯನ್ನು ಬಿಡಿಸಿ ಹಿಡಿದಳು.

“ನಂಗೆ ಎರಡು ಮಾತು ಬರ್ಕೊಟ್ಟಿದಾರೆ. ಎಲ್ಲ ಮಕ್ಕಳೂ ಫೋನು ಒಪ್ಪಿಸ್ತಾರೆ ಅನ್ನೋದು ಮೊದಲನೇದು, ಅದು ಸುಳ್ಳು. ಒಂದೂ ತಪ್ಪಿಲ್ಲ ಅನ್ನೋದು ಎರಡನೇದು, ಅದು ಅದಕ್ಕಿಂತ ದೊಡ್ಡ ಸುಳ್ಳು. ಎರಡಕ್ಕೂ ದಿನಾ ಸಹಿ ಹಾಕಿರೋಳು ನಾನೇ, ಅದಕ್ಕೇ ಗೊತ್ತು.”

ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತವು.

“ಈ ಬುಟ್ಟೀಲಿ ನೂರ ಇಪ್ಪತ್ತೆಂಟಿವೆ. ಮೂವತ್ತೊಂದು ತಣ್ಣಗಿವೆ. ಅಂದ್ರೆ ಸತ್ತಿರೋವು. ಜೀವ ಇರೋವು ಈಗ ಮಹಡಿ ಮೇಲೆ ನಿಮ್ಮ ಮಕ್ಕಳ ಹತ್ರ ಇವೆ. ಮೊದಲನೇ ವಾರದಿಂದ ನಂಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ನಾನು ಇಸ್ತ್ರಿ ಮಾಡ್ತಿದ್ದೋಳು. ಸುಟ್ಟಿದ್ದನ್ನ ಒಳಗೆ ಮಡಚಿ ಕೊಡೋದು ನಂಗೆ ಚೆನ್ನಾಗಿ ಬರುತ್ತೆ. ಎರಡು ವರ್ಷ ಅದನ್ನೇ ಮಾಡಿದೀನಿ. ನನ್ನ ಮಗಳಿಗೆ ಆ ವಿದ್ಯೆ ಬರಲ್ಲ. ಅವಳು ಏಳು ಗಂಟೆ ನೋಡ್ತಾಳೆ, ಏಳು ಗಂಟೆ ಅಂತ ಬರೆದಳು. ಅದಕ್ಕೆ ಅವಳಿಗೆ ಕೆಂಪು.”

“ಅಮ್ಮ, ಕೆಳಗೆ ಇಳೀರಿ,” ಎಂದರು ಮೇಡಂ, ಹಲ್ಲು ಕಚ್ಚಿ.

ಕೌನ್ಸೆಲರ್ ಎದ್ದು ಬಂದರು. “ಸುಮ್ನೆ ಏನೋ ಹೇಳಬೇಡಿ. ಮಗಳ ಮೇಲಿನ ಪ್ರೀತೀಲಿ ಆಡೋ ಮಾತಿದು” ಎನ್ನುತ್ತ ಬುಟ್ಟಿಗೆ ಕೈ ಹಾಕಿ ಸಿಕ್ಕಿದ ಒಂದನ್ನು ಎತ್ತಿದರು, ಗುಂಡಿ ಒತ್ತಿ ತೋರಿಸೋಣವೆಂದು. ಎತ್ತಿದವರ ಮುಖ ಇಂಗು ತಿಂದ ಮಂಗನಂತಾಯಿತು. ಗುಂಡಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕವರು ಸಡಿಲವಾಗಿ, ಒಳಗಿನದ್ದು ಜಾರಿ, ನೆಲಕ್ಕೆ ಬಿದ್ದು ಎರಡು ಹೋಳಾಯಿತು. ನೀಲಿ ಹೂವಿನ ಬಚ್ಚಲು ಟೈಲು. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಅವರು ಇನ್ನೊಂದು ಎತ್ತಿದರು. ಮೂಲೆ ಒಡೆದು ಕೆಂಪು ಟೇಪು ಸುತ್ತಿದ ಫೋನು, ಎಷ್ಟು ಒತ್ತಿದರೂ ಬೆಳಕಿಲ್ಲ. ಮೂರನೆಯ ಸಾಲಿನಲ್ಲಿ ಒಬ್ಬ ತಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ಕಳೆದುಹೋಯಿತೆಂದು ಅವರು ಬಿಟ್ಟುಬಿಟ್ಟಿದ್ದ ಫೋನು ಅದು.

ಮುಂದಿನ ಸಾಲಿನ ತಂದೆಯೊಬ್ಬರು ಎದ್ದು ನಿಂತೇಬಿಟ್ಟರು. “ನನ್ನ ಮಗಳದ್ದು ಯಾವುದು? ಬಿಸಿನಾ, ತಣ್ಣಗಾ? ನಿಮಗೆ ಗೊತ್ತಿರುತ್ತಲ್ಲ, ಹೇಳಿ!”

“ಗೊತ್ತು. ಹೇಳಲ್ಲ.”

“ಹೇಳಲ್ಲ ಅಂದ್ರೆ?”

“ನಿಮ್ಮ ಮಗಳನ್ನೇ ಕೇಳಿ ಅಣ್ಣ. ನಿಜ ಹೇಳಿದ್ರೆ ಹೊಡೆಯಲ್ಲ, ಎಲ್ಲೂ ಕಳಿಸಲ್ಲ ಅಂತ ಮೊದಲು ಹೇಳಿ, ಆಮೇಲೆ ಕೇಳಿ. ಅವಳೇ ಹೇಳ್ತಾಳೆ. ನಾನು ನಂಬರು ಹಚ್ಚಿಲ್ಲ, ಹಚ್ಚೋದೂ ಇಲ್ಲ. ಕೆಲಸದಿಂದ ತೆಗೀತೀರಾ, ತೆಗೀರಿ. ಮೂವತ್ತೊಂದು ಮಕ್ಕಳಲ್ಲಿ ಒಬ್ಬರ ಹೆಸರೂ ಈ ಬಾಯಿಂದ ಬರಲ್ಲ.”

ಕೌನ್ಸೆಲರ್ ಮೆಲ್ಲನೆ, ತಮಗೇ ಹೇಳಿಕೊಳ್ಳುವಂತೆ, “ಹಾಗಾದ್ರೆ ನನ್ನ ಹಾಳೆಗಳೆಲ್ಲ…” ಎಂದರು. ಪಾಪ, ಆರು ವಾರ ಕೂತು ಲೆಕ್ಕ ಹಾಕಿದ್ದರು.

“ನಿಮ್ಮ ಹಾಳೇಲಿ ಒಂದು ನಿಜ ಇದೆ ಸರ್. ಅದು ಕೆಂಪು ಬಣ್ಣದ್ದು,” ಎಂದಳು ಪೆಟ್ಟಿಗೆಯಮ್ಮ. ಚೀಲದಿಂದ ಶಿಬಿರದ ಹಾಳೆ ತೆಗೆದು, ಮೇಜಿನ ಮೇಲಿಟ್ಟು, ಪೋಷಕರ ಸಹಿ ಎಂದಿದ್ದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ಮೂವತ್ತೊಂದು ತಣ್ಣಗಿವೆ. ಕೆಳಗೆ ತಂದೆತಾಯಿ ಇಟ್ಟ ಹೆಸರಿನ ಸಹಿ ಹಾಕಿದಳು. ಹಾಳೆಯನ್ನು ಮೇಡಂ ಕೈಗೆ ಕೊಟ್ಟು, ಸೊಂಟದ ಕೀಲಿಕೈ ಬಿಚ್ಚಿ ಅದರ ಮೇಲಿಟ್ಟಳು.

“ನನ್ನ ಮಗಳಿಗೆ ಫೋನಿನ ಕಾಯಿಲೆ ಇದೆ, ಇಲ್ಲ ಅನ್ನಲ್ಲ. ಬಿಡಿಸೋಕೆ ನಾನಿದೀನಿ. ಅವಳು ಎಲ್ಲಿಗೂ ಹೋಗಲ್ಲ.”

ಹೊರಗೆ ಬೆಂಚಿನ ಮೇಲೆ ಸಿಡುಕಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಅಮ್ಮ ಬಂದು ಪಕ್ಕದಲ್ಲಿ ಕುಸಿದಳು. ಒಳಗೆ ಗದ್ದಲವೋ ಗದ್ದಲ. ಹಸಿರು ಚೀಟಿಯವರೆಲ್ಲ ಮೇಡಂ ಮೇಲೆ ಬಿದ್ದಿದ್ದರು, ಮೇಡಂ ಕೌನ್ಸೆಲರ್ ಮೇಲೆ ಬಿದ್ದಿದ್ದರು. ಹುಡುಗಿ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅಮ್ಮನ ಕಡೆ ಚಾಚಿದಳು.

ಸಂಜೆ ನಾಲ್ಕಕ್ಕೆ ಬುಟ್ಟಿಯ ಸುತ್ತ ಮಕ್ಕಳು ನೆರೆದರು. ತೊಂಬತ್ತೇಳು ಫೋನುಗಳು ಹೋದವು. ಕಂಬಳಿಯ ಮೇಲೆ ಮೂವತ್ತು ಸತ್ತ ಫೋನು, ಒಂದು ಒಡೆದ ಟೈಲು ಉಳಿದವು. ಇದು ತನ್ನದೆಂದು ಅವುಗಳಿಗೆ ಯಾರೂ ಕೈ ಚಾಚಲಿಲ್ಲ. ಆ ಟೈಲು ಯಾರದ್ದೆಂದು ಇವತ್ತಿಗೂ ಪೆಟ್ಟಿಗೆಯಮ್ಮ ಹೇಳಿಲ್ಲ, ಕೇಳಿದರೆ ನಗುತ್ತಾಳೆ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಊರೆಲ್ಲ ಸುದ್ದಿ ಎಂದು ಹೆದರಿದರೋ, ಮೇಡಂಗೆ ನಾಚಿಕೆಯಾಯಿತೋ, ಅಂತೂ ಸೋಮವಾರದಿಂದ ವಿಜ್ಞಾನದ ಪ್ರಯೋಗಾಲಯದಲ್ಲಿ ಗಾಜಿನ ಸೀಸೆ ತೊಳೆಯುವ ಕೆಲಸಕ್ಕೆ ಹಾಕಿದರು. ಗೇಟಿನಲ್ಲಿ ಬೇರೆಯವರು ನಿಂತರು. ಚೀಟಿಗಳನ್ನೆಲ್ಲ ವಾಪಸು ತೆಗೆದುಕೊಂಡರು. ಶಿಬಿರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕೌನ್ಸೆಲರ್ ಎರಡನೆಯ ಬಾರಿ ಹಾಳೆ ಹಂಚಿದಾಗ ಹೆಸರು ಬರೆಯುವ ಗೆರೆ ಇರಲಿಲ್ಲ. ಆ ಸಲ ಅರ್ಧ ಗಂಟೆ ಎಂದು ಬರೆದವರು ಹನ್ನೆರಡೇ ಜನ ಎಂದು ಪ್ರಯೋಗಾಲಯಕ್ಕೆ ಬಂದು ತಾವೇ ಹೇಳಿ ಹೋದರು.

ಸಿಡುಕಿ ಸಿಡುಕಿಯಾಗೇ ಉಳಿದಳು. ಆದರೆ ಆ ಶನಿವಾರದಿಂದ ಒಂದು ಹೊಸ ಪದ್ಧತಿ ಶುರುವಾಯಿತು. ದಿನಾ ಸಂಜೆ ಶಾಲೆಯಿಂದ ಬಂದು ಮೇಜಿನ ಬಳಿ ನಿಂತು, ಹಿಂದಿನ ದಿನದ ಲೆಕ್ಕವನ್ನು, ಕೇಳದಿದ್ದರೂ, ಅಮ್ಮನಿಗೆ ಹೇಳುವುದು.

“ನಿನ್ನೆ ಎಂಟು ಗಂಟೆ ಐದು ನಿಮಿಷ.”

“ಎಂಟಾ!” ಪೆಟ್ಟಿಗೆಯಮ್ಮನ ಕೈಯಲ್ಲಿದ್ದ ಸೌಟು ಮೇಜಿಗೆ ಬಡಿಯಿತು. “ನಿನಗೋಸ್ಕರ ಅಷ್ಟು ಜನರ ಮುಂದೆ ಮಾನ ಬಿಟ್ಟು ನಿಂತೆ ಕಣೆ. ಒಂದು ಗಂಟೆ ಕಮ್ಮಿ ಹೇಳೋಕೆ ಬರಲ್ವಾ?”

“ಕಮ್ಮಿ ಆದ ದಿನ ಕಮ್ಮಿ ಹೇಳ್ತೀನಿ,” ಎಂದಳು ಮಗಳು. “ಎಂಟಾದ್ರೆ ಎಂಟೇ.”

ಕಿಟಕಿಯ ಬಳಿ ಅತ್ತೆ ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. ಪೆಟ್ಟಿಗೆಯಮ್ಮ ಬೈಯಲು ಬಾಯಿ ತೆರೆದಳು. ಆ ಬೆಳ್ಳಗಾದ ಮೂಗಿನ ತುದಿ ಕಂಡು ಬಾಯಿ ಮುಚ್ಚಿದಳು. ಬಲ ಅಂಗೈ ಚಾಚಿದಳು.

ಹುಡುಗಿ ಫೋನು ನೋಡಿದಳು, ಕೈ ನೋಡಿದಳು. ಆಮೇಲೆ ಫೋನನ್ನು ಅಂಗೈಯಲ್ಲಿಟ್ಟು ಎದುರಿಗೆ ಕೂತಳು. ಫೋನು ಸುಡುತ್ತಿತ್ತು.

“ತಣ್ಣಗಾಗೋವರೆಗೂ ಇಟ್ಕೊ,” ಎಂದಳು. “ಅಲ್ಲೀವರೆಗೂ ಏನಾದ್ರೂ ಮಾತಾಡು.”